ಪಾರ್ಲಿಮೆಂಟಿನ ಟೀ ರೂಮಿನ ಗ್ವೆಂಡಾ

ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದನ್ನು ಗ್ವೆಂಡಾಗೆ ಯಾರೂ ಕಲಿಸಬೇಕಿರಲಿಲ್ಲ. ವೇಲ್ಸಿನಲ್ಲಿ ಅವಳಪ್ಪನ ಹೆಗಲ ಮೇಲೆ ಕೈಯಿಟ್ಟು, ಕಲ್ಲಿದ್ದಲ ಗಣಿ ಮುಚ್ಚೋದಿಲ್ಲ ಅಂದವರೇ ಅದನ್ನು ಮುಚ್ಚಿಸಿದ್ದರು. ಆಮೇಲೆ ಲಂಡನ್ನಿಗೆ ಬಂದವಳು ಪಾರ್ಲಿಮೆಂಟಿನ ಟೀ ರೂಮಿನಲ್ಲಿ ಸಂಸದರಿಗೆ ಟೀ ಕೊಡುತ್ತಲೇ ತಲೆ ನರೆಸಿಕೊಂಡಳು. ಅಲ್ಲಿ ಒಂದೊಂದು ಪಕ್ಷಕ್ಕೆ ಒಂದೊಂದು ಕಡೆಯ ಮೇಜು. ಯಾರ ಪಕ್ಕ ಯಾರು ಕೂತರು ಅಂತ ನೋಡಿಯೇ ಯಾರ ಹೊಟ್ಟೆಯಲ್ಲಿ ಏನಿದೆ ಅಂತ ಹೇಳುತ್ತಿದ್ದಳು.

ಇರಾಕಿನ ಮೇಲೆ ಯುದ್ಧಕ್ಕೆ ಸರ್ಕಾರ ಮತ ಕೇಳಿದ ದಿನ ಅವಳ ಮಗ ಇಫಾನ್ ಕುವೈತಿನ ಮರಳಲ್ಲಿ, ಸೈನ್ಯದ ಜೊತೆ, ಅಪ್ಪಣೆಗೆ ಕಾಯುತ್ತಿದ್ದ. ಅವಳೂರಿನ ಸಂಸದ ಅಲನ್ ಪ್ರೊಥೆರೋ ಆಳುವ ಪಕ್ಷದವನು, ಅವಳ ಬೀದಿಯಲ್ಲೇ ಗೋಲಿ ಆಡಿ ಬೆಳೆದವನು. ಪಕ್ಷ ಹಾಳಾಗಿ ಹೋಗಲಿ, ಯುದ್ಧ ಬೇಡ ಅಂತಲೇ ಮತ ಹಾಕ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದ. ಅಲ್ಲಿ ಮತ ಅಂದರೆ ನಡಿಗೆ: ಬೇಕು ಅನ್ನೋರು ಒಂದು ಓಣಿಗೆ, ಬೇಡ ಅನ್ನೋರು ಇನ್ನೊಂದಕ್ಕೆ.

ಮಧ್ಯಾಹ್ನ, ಸಂಸದರು ಪಕ್ಷದ ಮಾತು ಮೀರದಂತೆ ಕಾಯುವ ಸಚೇತಕ ಬಂದು ಅಲನ್ನನ ಪಕ್ಕ ಕೂತು, ತಾನೇ ಬನ್ನಿಗೆ ಬೆಣ್ಣೆ ಸವರಿ ಕೊಟ್ಟ. ಬಂಡೆದ್ದವನಿಗೆ ಇಷ್ಟು ಉಪಚಾರವೇ? ಗ್ವೆಂಡಾ ಟೀ ಸುರಿಯುತ್ತಲೇ ಆ ಮೇಜಿನ ಮೇಲೆ ಕಣ್ಣಿಟ್ಟಳು.

ರಾತ್ರಿ ಮತದ ಗಂಟೆ ಹೊಡೆಯಿತು. ಅರ್ಧ ಕುಡಿದ ಟೀ ಬಿಟ್ಟು ಎಲ್ಲರೂ ಓಡಿದರು. ಕೊನೆಗೆ ಯುದ್ಧವೇ ಗೆದ್ದಿತು. ಮರಳಿ ಬಂದ ಅಲನ್ ಎದೆಯುಬ್ಬಿಸಿ, "ಬೇಡ ಅನ್ನೋ ಓಣಿಗೇ ಹೋಗಿದ್ದೆ ಗ್ವೆಂಡಕ್ಕ. ನಂಬಿಕೆ ಇಲ್ದಿದ್ರೆ ಬಾಗಿಲು ಕಾಯೋ ಸಿರಿಲ್‌ನ ಕೇಳು" ಅಂದ.

ಉಳಿದ ಬಂಡಾಯಗಾರರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಇವನದು ಮಾತ್ರ ಯಾಕಿಷ್ಟು ಅರಳಿದೆ? ಪಾಪ, ಹುಡುಗನ ಮೇಲೆ ಸುಮ್ಮನೆ ಅನುಮಾನ ಪಡ್ತೀನಲ್ಲ ಅಂತ ತನ್ನನ್ನೇ ಬೈದುಕೊಂಡಳು. ಆದರೂ ಮನಸ್ಸು ತಡೆಯದೆ ಹೋಗಿ ಸಿರಿಲ್‌ನನ್ನು ಕೇಳಿದಳು.

ಹೋಗಿದ್ದು ನಿಜ ಅಂದ ಸಿರಿಲ್. ಆದರೆ ಅಲ್ಲಿಂದ ಹೊರಬಿದ್ದವನೇ, ಬಾಗಿಲು ಹಾಕೋ ಮುಂಚೆ ಬೇಕು ಅನ್ನೋ ಓಣಿಗೂ ನುಗ್ಗಿದ್ದನಂತೆ. ಎರಡೂ ಕಡೆ ಎಣಿಸುತ್ತಾರೆ, ಒಂದನ್ನೊಂದು ಹೊಡೆದುಹಾಕುತ್ತದೆ, ಅಷ್ಟೇ. ನಿಯಮದಲ್ಲಿ ತಪ್ಪೇನಿಲ್ಲ. ಊರಿಗೂ ಸೈ, ಪಕ್ಷಕ್ಕೂ ಸೈ.

ಗ್ವೆಂಡಾಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಅಲನ್ನನ ಮೇಜಿಗೆ ಹೋಗಿ ನಿಂತಳು. ಅವನು ತಲೆ ಎತ್ತಲಿಲ್ಲ.

"ನಿಂಗೆ ಸುಳ್ಳು ಹೇಳ್ಲಿಲ್ಲ ಅಕ್ಕ."

"ಇಲ್ಲ ಕಣಪ್ಪ, ಹೇಳ್ಲಿಲ್ಲ. ನಾಳೆ ಇಫಾನ್‌ಗೆ ಅಪ್ಪಣೆ ಬಂದ್ರೆ ಅವನು ಒಂದೇ ಕಡೆ ಹೋಗ್ಬೇಕು. ಹೊರಗೆ ಬಂದು ಇನ್ನೊಂದು ಕಡೆ ಹೋಗ್ತೀನಿ ಅನ್ನೋಕೆ ಅವನಿಗೆ ಆಗಲ್ಲ."