ಹಾರ ಎತ್ತುವ ಮಷೀನು

ಮುಧೋಳದಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ಕಬ್ಬಿನ ಟ್ರೇಲರ್ ಕಟ್ಟುವುದು ಹೊಟ್ಟೆಪಾಡು, ಹೊಸ ಮಷೀನು ಮಾಡುವುದು ಹುಚ್ಚು. ಈ ಸಲದ ಹುಚ್ಚಿಗೆ ಕಾರಣ ನನ್ನ ಅಕ್ಕ. ತುಬಚಿಯ ಕಡೆ ಹೊಲದ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿರುವ ಅವಳ ಬಲಭುಜ ಮೇವಿನ ಪೆಂಡಿ ಎತ್ತಿ ಎತ್ತಿ ಸೋತಿತ್ತು. ಇನ್ನೂ ಭಾರ ಎತ್ತಿದರೆ ಕೈ ಮೇಲೇಳುವುದೇ ನಿಲ್ಲುತ್ತದೆ, ಆ ಕೆಲಸ ಬಿಡಿ ಎಂದು ಜಮಖಂಡಿಯ ಡಾಕ್ಟರು ಹೇಳಿದ್ದರು. ಎಮ್ಮೆಗಳಿಗೆ ಅದನ್ನು ಯಾರು ಹೇಳಬೇಕು?

"ತಮ್ಮಾ, ಊರ ಮಂದಿಗೆಲ್ಲಾ ಏನೇನೋ ಮಾಡಿ ಕೊಡ್ತಿ. ನನಗೊಂದು ಪೆಂಡಿ ಎತ್ತೂದು ಮಾಡಿ ಕೊಡಲೇ" ಎಂದಳು.

ಮಾಡಿದೆ. ಟ್ರ್ಯಾಕ್ಟರಿನ ಮುಂದೆ ಹೈಡ್ರಾಲಿಕ್ ತೋಳು, ತುದಿಗೆ ಎರಡು ಉಗುರು. ಬಣವೆಯಿಂದ ಪೆಂಡಿ ಎತ್ತಿ ಮೇವು ಕತ್ತರಿಸುವ ಯಂತ್ರಕ್ಕೆ ಹಾಕಬೇಕು, ಅಷ್ಟೇ. ಬಿಗಿಯಾಗಿ ಹಿಡಿದರೆ ಪೆಂಡಿ ಒಡೆಯುತ್ತಿತ್ತು, ಸಡಿಲಾದರೆ ಜಾರುತ್ತಿತ್ತು. ವಾಲ್ವು ತಿರುವಿ ತಿರುವಿ ಕೊನೆಗೆ ಉಗುರುಗಳಿಗೆ ಕೂಸು ಎತ್ತುವಷ್ಟು ನಯ ಬಂತು. ಆ ನಯವೇ ಮುಳುವಾಯಿತು.

ಅಕ್ಕನ ಗಂಡ, ನಮ್ಮ ಮಾಮಾ, ಪೂಜೆ ಮಾಡಿಸಿ ಮಷೀನು ಒಯ್ದ ವಾರವೇ ಆ ಕಡೆ ಯಾರೋ ನಾಯಕರು ಬರುವವರಿದ್ದರು. ನಮ್ಮಲ್ಲಿ ಕೈಯಿಂದ ಹಾಕಿದ್ದು ಹಾರವೇ ಅಲ್ಲ, ಸೇಬಿನ ಹಾರವನ್ನು ಜೆಸಿಬಿ ಎತ್ತಬೇಕು. ಆದರೆ ಜೆಸಿಬಿಯ ಹಲ್ಲಿಗೆ ಸಿಕ್ಕಿ ಸೇಬು ಜಜ್ಜಿಹೋಗುತ್ತಿದ್ದವು. ನೀರು, ರಸ್ತೆಗಳ ಸಂಗತಿ ಹಾಗಿರಲಿ, ತಾಲ್ಲೂಕಿನ ಈ ಮಹಾ ಸಮಸ್ಯೆಯನ್ನು ಮಾಮಾ ನನ್ನ ಮಷೀನಿನಿಂದ ಬಗೆಹರಿಸಿಬಿಟ್ಟರು.

ಆಮೇಲೆ ಅದಕ್ಕೆ ಬಿಡುವೇ ಇಲ್ಲ. ಬೀಳಗಿಯಲ್ಲಿ ಸತ್ಕಾರ, ರಬಕವಿಯಲ್ಲಿ ಹುಟ್ಟುಹಬ್ಬ. ಬಣ್ಣ ಕೆಡುತ್ತದೆಂದು ಹುಲ್ಲಿನ ಹತ್ತಿರ ಒಯ್ಯುವುದನ್ನೂ ನಿಲ್ಲಿಸಿದರು. ನಾನು ಫೋನಿನಲ್ಲೇ ಜಗಳ ತೆಗೆದೆ.

"ಮಾಮಾ, ಅದು ಅಕ್ಕನ ಭುಜದ ಸಲುವಾಗಿ ಮಾಡಿದ್ದರೀ!"

"ಖರೆ ಐತಪಾ. ಇದೊಂದು ಸೀಜನ್ ಮುಗೀಲಿ" ಎಂದರು. ಕಬ್ಬಿನ ಸೀಜನ್ ಆದರೂ ಮುಗಿಯುತ್ತದೆ, ನಾಯಕರದು ಎಲ್ಲಿ ಮುಗಿಯುತ್ತದೆ?

ಕೊನೆಗೆ ಮಾಮಾ ತಮ್ಮ ಊರಿನ ಸಮಾರಂಭಕ್ಕೆ ನನ್ನನ್ನೂ ಕರೆದರು. ಮಷೀನು ಮಾಡಿದವನಿಗೂ ಒಂದು ಶಾಲು. ಹಾರ ಮೇಲೇರಿತು, ಒಂದು ಸೇಬೂ ಉದುರಲಿಲ್ಲ. ಸುಳ್ಳೇಕೆ ಹೇಳಲಿ, ನನ್ನ ಎದೆಯೂ ಉಬ್ಬಿತು. ಆಮೇಲೆ ಆರತಿ. ಹೆಂಗಸರ ಸಾಲಿನ ಮುಂದೆ ಅಕ್ಕ ನಿಂತಿದ್ದಳು. ಅವಳ ಕೈಯ ತಟ್ಟೆ ಸೊಂಟಕ್ಕಿಂತ ಮೇಲೆ ಏಳಲೇ ಇಲ್ಲ. ಎತ್ತು, ಎತ್ತು ಎಂದು ಮಾಮಾ ಕಣ್ಸನ್ನೆ ಮಾಡಿದರು. ಕಡೆಗೆ ನಾಯಕರೇ ಬಗ್ಗಿ ಆರತಿ ಪಡೆದರು.

"ಎಂಥಾ ಸರಳ ಮನಷ್ಯಾ ನೋಡ್ರಿ!" ಎಂದು ಜನ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಆ ಫೋಟೊ ಎಲ್ಲರ ಮೊಬೈಲಿನಲ್ಲಿತ್ತು.

ಆರತಿ ಮುಗಿದದ್ದೇ ನಾನು ಅಕ್ಕನ ಹತ್ತಿರ ಹೋಗಿ, "ಅಕ್ಕಾ, ಕೈ ಅಷ್ಟ ಏಳತೈತೇನ?" ಎಂದೆ.

"ಇಷ್ಟ ನೋಡು ಈಗ" ಎಂದು ನಕ್ಕಳು. "ನಿನ್ನ ಮಷೀನು ಮಾತ್ರ ಭಾಳ ಛಲೋ ಎತ್ತತೈತಿ, ತಮ್ಮಾ."

ಅವಳು ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ನಿಜವಾಗಿ ಹೆಮ್ಮೆಯಾಗಿತ್ತು. "ಎಮ್ಮಿ ಒದರಾಕತ್ತಾವು" ಎನ್ನುತ್ತ ಕೊಟ್ಟಿಗೆಯ ಕಡೆ ಹೊರಟಳು. ಮಷೀನು ಆಗಲೇ ಬನಹಟ್ಟಿಯ ದಾರಿ ಹಿಡಿದಿತ್ತು. ನಾನು ಅಕ್ಕನ ಹಿಂದೆ ಹೋಗಿ ಪೆಂಡಿಗೆ ಹೆಗಲು ಕೊಟ್ಟೆ.