ಎರಡನೆಯ ಭಾಗದ ಜಿಗಿತ

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ನಾನು ಪುಣೆಯ ಒಂದು ಮರಾಠಿ ವಾರಪತ್ರಿಕೆಗೆ ಚಿತ್ರವಿಮರ್ಶೆ ಬರೆಯುತ್ತಿದ್ದೆ. ಪೌರಾಣಿಕ, ಸಾಮಾಜಿಕ ಚಿತ್ರಗಳು ಹಿರಿಯರ ಪಾಲಿಗೆ ಹೋಗುತ್ತಿದ್ದವು. ಕತ್ತಿ, ಕುದುರೆ, ಮುಸುಕು ಇದ್ದದ್ದೆಲ್ಲ ನನಗೆ ಬರುತ್ತಿತ್ತು. ಒಂದು ಚಿತ್ರ ಓಡಿದರೆ ಎರಡನೆಯ ಭಾಗ ತೆಗೆಯುತ್ತಿದ್ದರು. ಅದೇ ಕಥೆಯನ್ನು ಕಾದಂಬರಿಯಾಗಿ ಅಚ್ಚು ಹಾಕಿಸಿ ದಂಡುಪ್ರದೇಶವಾದ ಕ್ಯಾಂಪಿನ ಥಿಯೇಟರುಗಳ ಬಾಗಿಲಲ್ಲಿ ಮಾರುತ್ತಿದ್ದರು. ಅದನ್ನೂ ನಾನೇ ಓದಿ ಬರೆಯಬೇಕಿತ್ತು. ಸಂಪಾದಕರ ನಿಯಮ ಒಂದೇ: ಟಿಕೆಟ್ಟು ಕೊಳ್ಳುವವನಿಗೆ ಒಳಗೆ ಏನು ಸಿಗುತ್ತದೆ ಎಂಬುದನ್ನು ಮುಚ್ಚಿಡಬಾರದು.

ನಾನಿದ್ದದ್ದು ಹಲವು ಸಂಸಾರಗಳು ಬಾಡಿಗೆಗಿದ್ದ ಒಂದು ಹಳೆಯ ವಾಡೆಯಲ್ಲಿ. ಅದರ ಹಿಂಬದಿಯ ಖೋಲಿಯಲ್ಲಿ ಬೆಳಗಾವಿ ಕಡೆಯ ಗಂಡಹೆಂಡತಿ ಇದ್ದರು. ಗಂಡ ಕುಸ್ತಿ ಬಿಟ್ಟು ಸ್ಟುಡಿಯೋ ಸೇರಿದ ಪೈಲ್ವಾನರು. ಮುಸುಕಿನ ವೀರನ ಚಿತ್ರವೊಂದರಲ್ಲಿ ಕೋಟೆಯ ಗೋಡೆಯಿಂದ ಓಡುವ ಕುದುರೆಯ ಮೇಲೆ ಜಿಗಿದವರು ಅವರೇ. ಮುಖ ಮುಚ್ಚಿದ್ದರಿಂದ ನೋಡಿದವರೆಲ್ಲ ಅದು ನಾಯಕನೆಂದೇ ತಿಳಿದರು. ಆ ಜಿಗಿತದಲ್ಲಿ ಅವರ ಬಲ ಮೊಣಕಾಲು ತಿರುಚಿಹೋಯಿತು. ಅಂದಿನಿಂದ ಸ್ಟುಡಿಯೋದ ಲಾಯದಲ್ಲಿ ಕುದುರೆಗಳನ್ನು ನೋಡಿಕೊಂಡಿದ್ದರು.

ಎರಡನೆಯ ಭಾಗ ಬಂದಾಗ ಮೊದಲ ದಿನವೇ ನೋಡಿದೆ. ರಾಜ್ಯ ಬೇರೆ, ವೈರಿ ಬೇರೆ, ಜಿಗಿತ ಮಾತ್ರ ಹಳೆಯದು. ಮೊದಲ ಭಾಗದ ಫಿಲ್ಮನ್ನೇ ಕತ್ತರಿಸಿ ಅಂಟಿಸಿದ್ದರು. ಗೋಡೆಯ ಬುಡದಲ್ಲಿ ಮಗುಚಿ ಬಿದ್ದ ಹುಲ್ಲಿನ ಬಂಡಿ ಕೂಡ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಬರೆಯಲು ಕೂತಾಗ ಆ ಹೆಂಡತಿ ನನ್ನ ಬಾಗಿಲಿಗೆ ಬಂದು ನಿಂತರು. ಗಂಡ ಕೆಲಸಕ್ಕೆ ಹೋಗಿದ್ದರು.

“ಅಣ್ಣಾರ, ಅದು ಹಳೇ ಜಿಗತ ಅಂತ ಪೇಪರಿನ್ಯಾಗ ಬರೀಬ್ಯಾಡ್ರಿ. ಬರದ್ರ ಮಾಲಕರು ಮತ್ತ ಜಿಗಿ ಅಂತಾರ.”

ನಿಮ್ಮ ಯಜಮಾನರು ಒಲ್ಲೆ ಎನ್ನಬಹುದಲ್ಲ ಎಂದೆ.

“ಒಲ್ಲೆ ಅನ್ನೂ ಮನಷಾ ಆಗಿದ್ರ ನಿಮ್ಮ ಬಾಗಲಿಗೆ ಯಾಕ ಬರ್ತಿದ್ದೆ? ಲದ್ದಿ ಬಳಿಯೂದು ಅವರಿಗೆ ಅಪಮಾನ ಅನಸ್ತದ. ಯಾವಾಗ ಕರೀತಾರೋ ಅಂತ ಕಾಯಾಕ ಹತ್ಯಾರ.”

ಕಚೇರಿಯಲ್ಲಿ ಸಂಪಾದಕರಿಗೆ ಎಲ್ಲವನ್ನೂ ಹೇಳಿದೆ. ಅವರು, ಜಿಗಿತದ ಮಾತು ಬಿಡು, ಆದರೆ ಹೊಗಳಲೂ ಬೇಡ ಎಂದರು. ವಿಮರ್ಶೆ ಹಾಗೆಯೇ ಅಚ್ಚಾಯಿತು. ಹಾಡುಗಳು ಹೆಚ್ಚು, ಕಥೆ ಉದ್ದ ಎಂದಷ್ಟೇ ಬರೆದಿದ್ದೆ.

ಪ್ರೇಕ್ಷಕರು ಪತ್ರಿಕೆಗಾಗಿ ಕಾಯಲಿಲ್ಲ. ನೆಲದ ಮೇಲೆ ಕೂತವರು ಬಂಡಿಯನ್ನು ಗುರುತಿಸಿದರು. ಆ ದೃಶ್ಯ ಬಂದ ಕೂಡಲೇ ಸಿಳ್ಳೆ ಹಾಕಿ, ಇನ್ನಾದರೂ ಆ ಬಂಡಿಯನ್ನು ಎತ್ತಿ ನಿಲ್ಲಿಸಿರೋ ಎಂದು ಮರಾಠಿಯಲ್ಲಿ ಕೂಗತೊಡಗಿದರು. ಆಟದಿಂದ ಆಟಕ್ಕೆ ಕೂಗು ಜೋರಾಯಿತು. ಮೂರನೆಯ ಭಾಗ ಶುರುವಾದಾಗ ಮಾಲೀಕರು ಪೈಲ್ವಾನರನ್ನು ಕರೆದರು. ಅವರು ಅಂದೇ ಒಪ್ಪಿಕೊಂಡರು. ಹೆಂಡತಿ ಇದನ್ನು ನಳದ ಹತ್ತಿರ ಕೊಡ ತುಂಬಿಸುತ್ತ ಹೇಳಿದರು. ನನ್ನ ಮೇಲೆ ಆಕ್ಷೇಪವೇನೂ ಇರಲಿಲ್ಲ.

ಜಿಗಿದರು. ಕುದುರೆಯ ಮೇಲೆ ಸರಿಯಾಗಿಯೇ ಕೂತರಂತೆ, ಇಳಿಯುವಾಗ ಇಬ್ಬರು ಹಿಡಿಯಬೇಕಾಯಿತಂತೆ. ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ.

ಮೂರನೆಯ ಭಾಗದಲ್ಲಿ ಯಾರೂ ಸಿಳ್ಳೆ ಹಾಕಲಿಲ್ಲ. ಥಿಯೇಟರಿಗೆ ಥಿಯೇಟರೇ ಚಪ್ಪಾಳೆ ತಟ್ಟಿತು. ಜಿಗಿತ ಹೊಸದು, ಮೊದಲಿನದಕ್ಕಿಂತ ಎತ್ತರದ್ದು, ಜಿಗಿದವರು ನಾಯಕನಲ್ಲ ಎಂದು ಬರೆದೆ. ಕೊನೆಯ ಮಾತಿಗೆ ಸ್ಟುಡಿಯೋದವರು ಸಿಟ್ಟಾಗಬಹುದಿತ್ತು. ಸಂಪಾದಕರು ಅದನ್ನು ಉಳಿಸಿದರು.

ಪತ್ರಿಕೆ ಬಂದ ದಿನ ಅವರ ಖೋಲಿಗೆ ಹೋಗಿ ಓದಿ, ಕನ್ನಡದಲ್ಲಿ ಹೇಳಿದೆ. ಪೈಲ್ವಾನರು ಇನ್ನೊಮ್ಮೆ ಓದಿಸಿದರು. ಹೆಂಡತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

“ನಾಕನೇ ಭಾಗ ತಗೀತಾರಂತೇನ್ರಿ?” ಎಂದು ತಲೆ ಎತ್ತದೆ ಕೇಳಿದರು.

ತೆಗೆಯುತ್ತಾರಂತೆ ಎಂದೆ.

ಗಂಡ ಎರಡೂ ಕೈಯಿಂದ ಹಿಡಿದು ಬಲಗಾಲನ್ನು ಮಡಿಚಲು ನೋಡಿದರು. ಅದು ಬಾಗಲಿಲ್ಲ. ಹೆಂಡತಿ ಅದನ್ನು ನೋಡಿದರು. ಮತ್ತೆ ಅಕ್ಕಿ ಆರಿಸತೊಡಗಿದರು.