ಶೀತಲ್ ಯಾರ ಬಾಯಿಯನ್ನೂ ನೋಡದ ಮಳೆಗಾಲ

ನಮ್ಮ ಓಣಿಯ ಕುರಿಗಾರ ಗಿರಮಲ್ಲಪ್ಪನ ಮಗಳು ಶೀತಲ್‌ಗೆ ಹಲ್ಲಿನ ಡಾಕ್ಟರಿಕೆಯ ಸೀಟು ಸಿಕ್ಕ ದಿನ, ಊರಲ್ಲಿ ನೋವಿಲ್ಲದ ಹಲ್ಲುಗಳೂ ನೋಯತೊಡಗಿದವು. ಅಂಥ ಸಂಭ್ರಮ. ಗಿರಮಲ್ಲಪ್ಪನ ನಗೆ ಚಿಕ್ಕಪಡಸಲಗಿ ಬ್ಯಾರೇಜಿನ ಆಚೆ ದಂಡೆಯವರಿಗೂ ಕಂಡಿತಂತೆ. ಮೋಡ ಕವಿದ ದಿನ, ಬಿಸಿಲು ಬಿತ್ತೆಂದು ಅವರು ಬಟ್ಟೆ ಹರವಿದರಂತೆ.

ಹುಡುಗಿ ಪಟ್ಟಣದ ಕಾಲೇಜಿನಲ್ಲಿ ಚೆನ್ನಾಗಿಯೇ ಓದಿದಳು. ಕೊನೆಯ ವರ್ಷದ ಮಳೆಗಾಲದಲ್ಲಿ ಮಾತ್ರ ಹೇಳದೆ ಕೇಳದೆ ಚೀಲ ಹೊತ್ತು ಬಂದು ಮಲಗಿದಳು. ಮಲಗಿದಳು ಅಂದರೆ ಹೇಗೆ? ಮನೆಯ ಜೇಡ ಅವಳನ್ನು ಮುರಿದು ಬಿದ್ದ ಕಂಬವೆಂದು ತಿಳಿದು ಬಲೆಗೆ ಅಳತೆ ತೆಗೆದುಕೊಂಡಿತ್ತು.

“ಏನಾಗೇತಿ ಬೇ? ಜ್ವರಾನ?” ಎಂದ ಗಿರಮಲ್ಲಪ್ಪ.

“ಜ್ವರ ಇಲ್ಲ. ಬಾಯಿ ಅಂದ್ರ ಸಾಕಾಗೇತಿ ಅಪ್ಪಾ. ನೀ ಆಕಳಿಸಿದ್ರೂ ನನಗ ಅಳು ಬರ್ತೈತಿ.”

ಹಲ್ಲಿನ ವಿದ್ಯಾರ್ಥಿಗಳು ಬರೀ ಪುಸ್ತಕ ಓದಿದರೆ ಆಗುವುದಿಲ್ಲ. ಪರೀಕ್ಷೆಗೆ ಮೊದಲು ಇಂತಿಷ್ಟು ಬಾಯಿ ದುರಸ್ತಿ ಮಾಡಿ ತೋರಿಸಬೇಕು. ಆ ಬಾಯಿಗಳನ್ನು ಎಷ್ಟೋ ಸಲ ತಾವೇ ಹುಡುಕಿ ತರಬೇಕು. ಶೀತಲ್ ಬಸ್ ನಿಲ್ದಾಣದಲ್ಲಿ ಆಕಳಿಸುವವರನ್ನು ಕಾಯುತ್ತ ನಿಂತು, ಕೊನೆಗೆ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಲು ಒಬ್ಬ ಬೊಚ್ಚುಬಾಯಿಯ ಮುದುಕನನ್ನು ಒಪ್ಪಿಸಿದ್ದಳು. ಅಳತೆ ತೆಗೆದು, ಮೇಣದಲ್ಲಿ ಹಲ್ಲು ಕೂಡಿಸಿದ್ದೂ ಆಗಿತ್ತು. ಅಷ್ಟರಲ್ಲಿ ಮುದುಕ ಮಗಳ ಊರಿಗೆಂದು ಹೋದವನು ತಿರುಗಿ ಬರಲಿಲ್ಲ. ಇನ್ನೊಬ್ಬರನ್ನು ಹಿಡಿದು ಮೊದಲಿನಿಂದ ಮಾಡು ಎಂದರು ಮೇಷ್ಟ್ರು. ಮರುದಿನ ಅವಳಿಗೆ ಹಾಸ್ಟೆಲಿನ ಹಾಸಿಗೆಯಿಂದ ಏಳಲಾಗಲಿಲ್ಲ. ಇಷ್ಟನ್ನು ಅಪ್ಪನಿಗೆ ಹೇಳಿ, ಇನ್ನು ಕಾಲೇಜಿನ ಕಡೆ ಮುಖ ಹಾಕುವುದಿಲ್ಲ ಎಂದು ಗೋಡೆಯ ಕಡೆ ಮುಖ ಮಾಡಿದಳು.

ಗಿರಮಲ್ಲಪ್ಪ ಇದನ್ನೆಲ್ಲ ಕುರಿಗಾರನ ತಲೆಯಿಂದ ಲೆಕ್ಕ ಹಾಕಿದ. ಕುರಿ ಸೊರಗಿದರೆ ಮೇವು ಸಾಲದಾಗಿದೆ. ಮಗಳು ಸೊರಗಿದ್ದಾಳೆ, ಅಂದರೆ ಬಾಯಿ ಸಾಲದಾಗಿವೆ. ಟೆಂಪೋ ಮಾಡಿಕೊಂಡು ಬನಹಟ್ಟಿ, ಬೀಳಗಿ, ಲೋಕಾಪುರ ಸುತ್ತಿದ. ಸಂತೆಯಲ್ಲಿ ಕುರಿಯ ತುಟಿ ಎತ್ತಿ, ಹಲ್ಲು ನೋಡಿ ವಯಸ್ಸು ಹೇಳುವ ಹೆಬ್ಬೆರಳು ಅವನದು. ಅದೇ ಹೆಬ್ಬೆರಳಿನಿಂದ ಕಂಡ ಕಂಡ ಮುದುಕರ ತುಟಿ ಎತ್ತಿದ. ಒಂದು ಹಲ್ಲಿದ್ದವರನ್ನೂ “ನೀ ಬ್ಯಾಡ” ಎಂದು ಬಿಟ್ಟು, ಅಪ್ಪಟ ಬೊಚ್ಚುಬಾಯಿಯವರನ್ನೇ ಆರಿಸಿ ತಂದು ಅಂಗಳದಲ್ಲಿ ಕೂರಿಸಿದ. ಅವರೆಲ್ಲ ಒಟ್ಟಿಗೆ ಉಸಿರು ಬಿಟ್ಟರೆ ರಾಶಿಯ ಜೋಳ ತೂರಬಹುದಿತ್ತು.

“ಯವ್ವಾ ಶೀತಲ್, ಹೊರಗ ಬಾ! ಒಬ್ಬರ ಬಾಯಾಗೂ ಒಂದ ಹಲ್ಲಿಲ್ಲ, ನಾನ ನೋಡೇನಿ!”

ಶೀತಲ್ ಹೊಸ್ತಿಲಿಗೆ ಬಂದಳು. ಅಂಗಳದ ತುಂಬ ತೆರೆದ ಬಾಯಿಗಳು. ಬೀಳಗಿಯ ಕೆಂಪವ್ವ ಮುಂದೆ ಸರಿದು, “ಮದಲ ನಂದ ನೋಡವ್ವಾ, ನನ್ನ ಎಮ್ಮಿ ಹಿಂಡೂ ಹೊತ್ತಾತು” ಎಂದಳು. ಹುಡುಗಿ ಹಿತ್ತಲಿನ ಕುರಿದೊಡ್ಡಿಗೆ ಹೋಗಿ, ಕುರಿಗಳ ನಡುವೆ ಕುಳಿತು ಅತ್ತಳು.

ಗಿರಮಲ್ಲಪ್ಪನ ತಾಯಿ ಸೋಮವ್ವನೂ ಹಲ್ಲಿಲ್ಲದವಳೇ. ಬಂದವರಿಗೆಲ್ಲ ಚಹಾ ಕುಡಿಸಿ, ಟೆಂಪೋ ಹತ್ತಿಸಿ ಬಂದು ಮಗನ ಮುಂದೆ ನಿಂತಳು.

“ಲೇ ಗಿರಮಲ್ಲ, ನಡದ ನಡದ ಒಂದ ಕುರಿ ಕುಂತಬಿಟ್ರ ಏನ ಮಾಡ್ತಿ?”

“ಹೆಗಲ ಮ್ಯಾಲೆ ಹೊತ್ತ ತಂದ ನೆಳ್ಳಾಗ ಬಿಡ್ತೇನಿ.”

“ಇನ್ನೊಂದ ಹಿಂಡ ತಂದ ಅದರ ಮುಂದ ನಿಂದ್ರಸ್ತಿ ಏನ?”

ಗಿರಮಲ್ಲಪ್ಪ ಸುತ್ತಿದ ಪಟಗಾ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿದ. ಅವನಿಗೆ ಫೋನಿನ ಮೇಲೆ ನಂಬಿಕೆ ಕಡಿಮೆ, ನೇರವಾಗಿ ಪಟ್ಟಣಕ್ಕೇ ಕೇಳುವಂತೆ ಕೂಗಿದ್ದರಿಂದ ಇದು ನಮಗೆಲ್ಲ ಗೊತ್ತು.

“ಸರ, ನನ್ನ ಮಗಳು ಕುಂತಾಳ್ರಿ. ತಾನ ಎದ್ದ ಮ್ಯಾಲೆ ಕಳಸ್ತೇನ್ರಿ. ಏನು? ಈ ಪರೀಕ್ಷಾ ತಪ್ಪತೈತಿ? ಮುಂದಿಂದು ಆರ ತಿಂಗಳಿಗ್ರಿ? ಆಗ್ಲೇಳ್ರಿ, ಅಷ್ಟರಾಗ ಒಂದ ಕುರಿ ಈಯ್ತೈತಿ!”

ಅಂದಿನಿಂದ ಆ ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ, ಎಬ್ಬಿಸಲಿಲ್ಲ. ಜೊತೆಯವರು ಪರೀಕ್ಷೆ ಬರೆಯುವಾಗ ಅವಳು ಹೊಳೆಯ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದಳು. ಒಂದು ಸಂಜೆ ಬಂದವಳೇ ಅಜ್ಜಿಗೆ, “ಆಯಿ, ಕುರಿಗೆ ಮ್ಯಾಲೆ ಮುಂದಿನ ಹಲ್ಲ ಇಲ್ಲ ನೋಡು. ಆದ್ರೂ ಒಂದೂ ತಕರಾರ ಮಾಡೂದಿಲ್ಲ” ಎಂದು ನಕ್ಕಳು. ಹಿತ್ತಲ ಬೇವಿನ ಮರ ಆ ನಗೆಗೆ ಅಕಾಲದಲ್ಲಿ ಹೂಬಿಟ್ಟಿತು. ನಂಬದವರು ಬಂದು ಮರವನ್ನೇ ಕೇಳಬಹುದು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಸೋಮವ್ವ ಹುರಿದ ಶೇಂಗಾ ಒಂದನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಹೊರಳಿಸುತ್ತಿದ್ದಳು. ಶೀತಲ್ ನೋಡಿಯೇ ನೋಡಿದಳು. ಎದ್ದು ಕೈ ತೊಳೆದು ಬಂದಳು.

“ಆಯಿ, ಬಾಯಿ ತಗಿ.”

ಬಾಗಿಲಲ್ಲಿದ್ದ ಗಿರಮಲ್ಲಪ್ಪ ಬೆಳಕಿಗೆ ಅಡ್ಡವಾಗದಂತೆ ಥಟ್ಟನೆ ಪಕ್ಕಕ್ಕೆ ಸರಿದ. ಸೋಮವ್ವ ಮಾತ್ರ ಅವಸರ ಮಾಡಲಿಲ್ಲ. “ತಡಿ ಬೇ, ಶೇಂಗಾ ಮುಗೀಲಿ.”

ದೀಪಾವಳಿಯಾದ ಮೇಲೆ ಅಜ್ಜಿ ಮೊಮ್ಮಗಳು ಕೂಡಿಯೇ ಕಾಲೇಜಿಗೆ ಹೋದರು. ಕರೆದಾಗಲೆಲ್ಲ ಸೋಮವ್ವ ತಪ್ಪದೆ ಹೋಗಿ ಆ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಒರಗಿ ಬಂದಳು. ಈಗ ಅವಳ ಬಾಯಲ್ಲಿ ಎರಡು ಸಾಲು ಹಲ್ಲಿವೆ. ಅವಳು ಕಬ್ಬಿನ ಗದ್ದೆಯ ಕಡೆ ಹೊರಟರೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಚಿಂತೆ ಹತ್ತುತ್ತದೆ.

ಶೀತಲ್ ತಡವಾಗಿಯಾದರೂ ಪಾಸಾದಳು. ಈಗ ಜಮಖಂಡಿಯಲ್ಲಿ ಒಬ್ಬ ಹಿರಿಯ ಡಾಕ್ಟರರ ಬಳಿ ಕೆಲಸ. ಆದಿತ್ಯವಾರ ಮಾತ್ರ ಮನೆಯಲ್ಲಿರುತ್ತಾಳೆ, ಯಾರ ಬಾಯಿಯನ್ನೂ ನೋಡುವುದಿಲ್ಲ. ಅಂದು ಗಿರಮಲ್ಲಪ್ಪ ಬಡಿಗೆ ಹಿಡಿದು ಕಟ್ಟೆಯ ಮೇಲೆ ಕೂರುತ್ತಾನೆ; ನಮ್ಮ ಓಣಿಯವರು ಅವನ ಮನೆ ಮುಂದೆ ಹಾಯುವಾಗ ಕೈ ಅಡ್ಡ ಹಿಡಿದುಕೊಂಡೇ ಆಕಳಿಸುತ್ತಾರೆ.